ಧನ್ಯವಾದದ ಸ್ಲೈಡ್ ಮಾತ್ರ ರೆಡಿ

ಬೆಳಿಗ್ಗೆ ಒಂಬತ್ತೂವರೆಗೆ ವಿಜ್ಞಾನ ಸಮ್ಮೇಳನದಲ್ಲಿ ನನ್ನ ಟಾಕ್. ಈಗ ರಾತ್ರಿ ಹನ್ನೊಂದು. ಇಷ್ಟು ಹೊತ್ತಿಗೆ ನನ್ನ ಹತ್ತಿರ ಯಾವಾಗಲೂ ಎರಡು ಸ್ಲೈಡ್ ಪಕ್ಕಾ ಇರುತ್ತವೆ. ಮೊದಲನೆಯದು ಶೀರ್ಷಿಕೆ, ಕೊನೆಯದು ಧನ್ಯವಾದ. ನಡುವಿನ ವಿಜ್ಞಾನ ಒಂದು ಬಾಕಿ.

ತಾರೀಕು ನಾಲ್ಕು ತಿಂಗಳ ಹಿಂದೆಯೇ ಗೊತ್ತಿತ್ತು. ಅಬ್‌ಸ್ಟ್ರಾಕ್ಟಿನಲ್ಲಿ, ಅಂದರೆ ಟಾಕಿಗೆ ಮೊದಲೇ ಕಳಿಸುವ ಸಾರಾಂಶದಲ್ಲಿ, ‘ವಿವರವಾದ ಫಲಿತಾಂಶಗಳನ್ನು ಮಂಡಿಸಲಾಗುವುದು’ ಅಂತ ಧೈರ್ಯವಾಗಿ ಬರೆದದ್ದೂ ನಾನೇ. ಆಗ ಫಲಿತಾಂಶ ಇರಲಿಲ್ಲ, ಅಷ್ಟರೊಳಗೆ ಬಂದೇ ಬರುತ್ತದೆ ಅನ್ನೋ ನಂಬಿಕೆ ಇತ್ತು. ಈ ನಂಬಿಕೆಗೆ 1979ರಲ್ಲೇ ಮನೋವಿಜ್ಞಾನಿಗಳಾದ ಕಾನೆಮನ್ ಮತ್ತು ಟ್ವರ್ಸ್ಕಿ ‘ಪ್ಲ್ಯಾನಿಂಗ್ ಫಾಲಸಿ’, ಅಂದರೆ ಯೋಜನೆಯ ಭ್ರಮೆ, ಅಂತ ಹೆಸರಿಟ್ಟಿದ್ದಾರೆ. 1994ರ ಒಂದು ಅಧ್ಯಯನದಲ್ಲಿ ವಿದ್ಯಾರ್ಥಿಗಳು ತಮ್ಮ ಪ್ರಬಂಧ ಸರಾಸರಿ 34 ದಿನದಲ್ಲಿ ಮುಗಿಯುತ್ತದೆ ಅಂದಿದ್ದರಂತೆ, ಹಿಡಿದದ್ದು 55 ದಿನಕ್ಕೂ ಜಾಸ್ತಿ. ಸ್ಲೈಡ್ ಮಾಡುವುದು ಬಿಟ್ಟು ಇದನ್ನೆಲ್ಲ ಓದಿದ್ದೂ ಒಂದು ಟಾಕಿನ ಹಿಂದಿನ ರಾತ್ರಿಯೇ.

ಯುದ್ಧಕಾಲೇ ಶಸ್ತ್ರಾಭ್ಯಾಸ ಅಂತಾರಲ್ಲ, ನಾನು ಆ ಹೊತ್ತಲ್ಲಿ ಶಸ್ತ್ರಕ್ಕೆ ಬಣ್ಣ ಹೊಡೆಯುತ್ತಾ ಕೂತಿರುತ್ತೇನೆ. ಗ್ರಾಫಿನ ಮುಖ್ಯ ತಿರುವನ್ನು ತೋರಿಸುವ ಬಾಣ ಕೆಂಪಿರಲಾ, ಹಸಿರಿರಲಾ ಅಂತ ಮುಕ್ಕಾಲು ಗಂಟೆ ಹೋಯಿತು. ಹಸಿರು ಗೆದ್ದಿತು, ಎಳೆ ಹಸಿರು. ಆಮೇಲೆ ನೋಡಿದರೆ ಗ್ರಾಫಿನ ಅಂಚಿನ ಅಂಕಿಗಳು ಇರುವೆ ಸಾಲಿನ ಹಾಗೆ, ಕೊನೇ ಬೆಂಚಿನವರಿಗೆ ದೇವರಾಣೆ ಕಾಣಲ್ಲ. ಅಕ್ಷರ ದೊಡ್ಡದು ಮಾಡೋಕೆ ಪ್ರೋಗ್ರಾಂ ಮತ್ತೆ ಓಡಿಸಬೇಕು, ಓಡಿಸೋಕೆ ಡೇಟಾ ಫೈಲ್ ಬೇಕು, ಆ ಫೈಲನ್ನು ಹೋದ ತಿಂಗಳು ನಾನೇ ಎಲ್ಲೋ ‘ಜೋಪಾನವಾಗಿ’ ಎತ್ತಿಟ್ಟಿದ್ದೇನೆ. ಅಂತೂ ಸಿಕ್ಕಿ, ಓಡಿಸಿದಾಗ ರಾತ್ರಿ ಒಂದೂವರೆ. ನಾಲ್ಕನೇ ಚುಕ್ಕೆ ಜಾಗ ಬದಲಿಸಿದೆ! ಇಷ್ಟು ದಿನ ಅದು ಬೇರೆ ಸ್ಯಾಂಪಲ್ಲಿನದ್ದಾಗಿತ್ತು. ಮೂರು ಸಲ ಗೈಡ್‌ಗೆ ತೋರಿಸಿದಾಗಲೂ ಕಾಣದ ತಪ್ಪು, ನಾಳೆ ನೂರು ಜನರೆದುರು ನಿಲ್ಲಬೇಕು ಅನ್ನುವಾಗ ಕಂಡಿತು. ನಾನು ಈ ಕೆಟ್ಟ ಚಾಳಿ ಬಿಡದೇ ಇರೋಕೆ ಇದೂ ಒಂದು ನೆಪ.

ನೆಪಕ್ಕೆ ದೊಡ್ಡವರ ಉದಾಹರಣೆಯೂ ಇದೆ. 1987ರ ಮಾರ್ಚ್ 18, ನ್ಯೂಯಾರ್ಕಿನಲ್ಲಿ ಅಮೆರಿಕನ್ ಫಿಸಿಕಲ್ ಸೊಸೈಟಿಯ ಸಭೆ. ದ್ರವ ಸಾರಜನಕದ ತಂಪಿಗೇ, ಅಂದರೆ 77 ಕೆಲ್ವಿನ್‌ಗಿಂತ (ಸುಮಾರು ಮೈನಸ್ 196 ಡಿಗ್ರಿ ಸೆಲ್ಸಿಯಸ್) ಮೇಲೆಯೇ, ಅತಿವಾಹಕವಾಗುವ, ಅಂದರೆ ತಡೆಯೇ ಇಲ್ಲದೆ ವಿದ್ಯುತ್ ಹರಿಯಬಿಡುವ, ವಸ್ತು ಆಗಷ್ಟೇ ಸಿಕ್ಕಿತ್ತು. ಅಬ್‌ಸ್ಟ್ರಾಕ್ಟ್ ಕಳಿಸುವ ಗಡುವು ಅದಕ್ಕೂ ಮೊದಲೇ ಮುಗಿದಿತ್ತು. ಹಾಗಾಗಿ ಕೊನೇ ಗಳಿಗೆಯಲ್ಲಿ ಒಂದು ಸೆಷನ್ನನ್ನೇ ಸೇರಿಸಿದರು. 51 ಜನ ಮಾತಾಡಿದರು, ಹೆಚ್ಚಿನವರಿಗೆ ತಲಾ ಐದೇ ನಿಮಿಷ. ಸಂಜೆ ಏಳೂವರೆಗೆ ಶುರುವಾದದ್ದು ಬೆಳಗಿನ ಜಾವ ಮೂರರವರೆಗೂ ನಡೆಯಿತು. ಜನಸಾಗರ ಸೇರಿದ್ದ 1969ರ ವುಡ್‌ಸ್ಟಾಕ್ ಸಂಗೀತೋತ್ಸವದ ನೆನಪಿಗೆ ಇವತ್ತಿಗೂ ಅದನ್ನು ‘ಭೌತಶಾಸ್ತ್ರದ ವುಡ್‌ಸ್ಟಾಕ್’ ಅಂತಲೇ ಕರೆಯುತ್ತಾರೆ. ಅವರ ಹತ್ತಿರ ಆ ವಾರದ ಬಿಸಿಬಿಸಿ ಡೇಟಾ ಇತ್ತು. ನನ್ನದು ಹೋದ ವರ್ಷದ್ದು, ಅದನ್ನು ಸುಮ್ನೆ ಬಿಡೋಣ.

ಬೆಳಿಗ್ಗೆ ಇಪ್ಪತ್ತಮೂರು ಸ್ಲೈಡ್, ಹತ್ತು ನಿಮಿಷ. ಸರದಿಗೆ ಕಾಯುತ್ತಾ, ನನಗಿಂತ ಮೊದಲಿನವರ ಟಾಕ್ ಕೇಳಿದ ಹಾಗೆ ತಲೆಯಾಡಿಸುತ್ತಾ, ಹನ್ನೊಂದನ್ನು ಧನ್ಯವಾದದ ಆಚೆಗೆ ತಳ್ಳಿದೆ. ಮಾತು ಒಂಬತ್ತೂವರೆ ನಿಮಿಷಕ್ಕೆ ಮುಗಿಯಿತು. ನಾಲ್ಕನೇ ಚುಕ್ಕೆಯ ಬಗ್ಗೆ ಉತ್ತರ ಕಂಠಪಾಠ ಮಾಡಿಕೊಂಡಿದ್ದೆ, ಯಾರೂ ಕೇಳಲಿಲ್ಲ. ಹಿಂದಿನ ಸಾಲಿನಿಂದ ಒಬ್ಬ ಹಿರಿಯರು ಕೈ ಎತ್ತಿದರು.

“ಬಾಣ ಬಾಣ ಅಂತಿದ್ದಿರಲ್ಲ, ಎಲ್ಲಿದೆ ಅದು?”

ತಿರುಗಿ ನೋಡಿದೆ. ಆ ಪ್ರೊಜೆಕ್ಟರಿನಲ್ಲಿ ಎಳೆ ಹಸಿರು ಅಪ್ಪಟ ಬಿಳಿಯಾಗಿತ್ತು.