ಬೋಮಾರಿಸ್ ಅಂಗಳದಲ್ಲಿ ನೆನಪಾದ ದುರ್ಗ

ನಾನು ಹುಟ್ಟಿ ಬೆಳೆದದ್ದು ಚಿತ್ರದುರ್ಗದಲ್ಲಿ. ಇಂಗ್ಲೆಂಡಿನಲ್ಲಿ ನೆಲೆಸಿ ಹನ್ನೊಂದು ವರ್ಷವಾಯಿತು. ಕೋಟೆ ಕಂಡರೆ ಇಂದಿಗೂ ಕಾಲು ನಿಲ್ಲುವುದಿಲ್ಲ. ವೇಲ್ಸಿನ ಆಂಗ್ಲ್‌ಸಿ ದ್ವೀಪದ ಬೋಮಾರಿಸ್ ಕೋಟೆಗೆ ಕಳೆದ ತಿಂಗಳು ಮಗಳೊಂದಿಗೆ ಹೋಗಿದ್ದು ನಾಲ್ಕನೆಯ ಸಲ.

ವೇಲ್ಸ್ ಜನರ ದಂಗೆಯನ್ನು ಅಡಗಿಸಿದ ದೊರೆ ಒಂದನೇ ಎಡ್ವರ್ಡ್ 1295ರಲ್ಲಿ ಇದನ್ನು ಕಟ್ಟಿಸಲು ತೊಡಗಿದ. ನೀರು ತುಂಬಿದ ಕಂದಕ, ತಗ್ಗಾದ ಹೊರಗೋಡೆ, ಅದರ ಹಿಂದೆ ಸುಮಾರು 11 ಮೀಟರ್ ಎತ್ತರದ ಒಳಗೋಡೆ. ಎರಡೂ ಗೋಡೆಗಳ ನಡುವಿನ ಇಕ್ಕಟ್ಟಾದ ಹೊರ ಅಂಗಳ ನನಗೆ ಬಲು ಇಷ್ಟ. ಹೊರಗೋಡೆ ದಾಟಿದ ಶತ್ರು ಸಿಕ್ಕಿಬೀಳುವುದು ಅಲ್ಲೇ. ಒಳಗೋಡೆಯ ಬಿಲ್ಲುಗಾರರು ಹೊರಗೋಡೆಯ ತಮ್ಮವರ ತಲೆಯ ಮೇಲಿಂದಲೇ ಬಾಣ ಬಿಡಬಹುದಿತ್ತು. ಕಡಲ ಕಡೆಯ ಹೊರ ಬಾಗಿಲಿಗೆ ಒಳ ಬಾಗಿಲು ನೇರವಾಗಿಲ್ಲ. ನುಗ್ಗಿದವನು ಗೋಡೆಗೆ ಬಗಲೊಡ್ಡಿ ತಿರುಗಲೇಬೇಕು. ಬಾಣದ ಕಿಂಡಿಯೊಂದರ ಹೊರಬದಿಯಲ್ಲಿ ನನ್ನ ಅಂಗೈ ಅಡ್ಡಲಾಗಿ ತೂರಲಿಲ್ಲ. ಒಳಬದಿಯಲ್ಲಿ ಅದೇ ಕಿಂಡಿ ಅಗಲವಾಗಿ ತೆರೆದು, ಮಗಳು ಅದರೊಳಗೆ ನಿಂತಿದ್ದಳು.

ತಿರುವಿನ ಈ ಜಾಣ್ಮೆ ದುರ್ಗದವರಿಗೆ ಹೊಸದಲ್ಲ. ನಮ್ಮ ಏಳುಸುತ್ತಿನ ಕೋಟೆಯ ಹಾದಿಯೂ ಬಾಗಿಲಿನಿಂದ ಬಾಗಿಲಿಗೆ ಹಾವಿನಂತೆ ಹೊರಳುತ್ತದೆ. ಆನೆ ಓಡಿಬಂದು ಗುದ್ದಲು ಜಾಗವಿಲ್ಲ. ಆದರೆ ಬೋಮಾರಿಸ್ ಜೌಗು ಬಯಲಿನಲ್ಲಿ ನೂಲು ಹಿಡಿದು ಕಟ್ಟಿದ ಕೋಟೆ, ದುರ್ಗದ ಗೋಡೆ ಬಂಡೆ ಹೋದತ್ತ ಹೋಗಿದೆ.

ನಿಜವಾದ ಅಂತರ ಇರುವುದು ಒಳಗೆ. ಬೋಮಾರಿಸ್‌ನ ಒಳ ಅಂಗಳ ಈಗ ಹುಲ್ಲುಹಾಸು. ಹಣವೆಲ್ಲ ಸ್ಕಾಟ್ಲೆಂಡಿನ ಯುದ್ಧದತ್ತ ಹರಿದು ಕೋಟೆ ಪೂರ್ತಿಯಾಗಲೇ ಇಲ್ಲ. ಪೂರ್ತಿಯಾಗಿದ್ದರೂ ಅದು ದೊರೆಯ ಪರಿವಾರಕ್ಕೆ, ಕಾವಲು ಪಡೆಗೆ. ಪಕ್ಕದ ಲ್ಯಾನ್‌ವೈಸ್ ಊರಿನ ವೇಲ್ಸ್ ಜನರನ್ನು ಒಕ್ಕಲೆಬ್ಬಿಸಿ ದ್ವೀಪದ ಇನ್ನೊಂದು ಮೂಲೆಗೆ ಅಟ್ಟಿದ್ದರು. ದುರ್ಗದ ಸುತ್ತುಗಳೊಳಗೆ ಕಣಜವಿದೆ, ಎಣ್ಣೆಕೊಳವಿದೆ, ಹಿಡಿಂಬೇಶ್ವರನೂ ಏಕನಾಥೇಶ್ವರಿಯೂ ಇದ್ದಾರೆ. ಗೋಪಾಲಸ್ವಾಮಿ ಹೊಂಡ ತುಂಬಿದರೆ ನೀರು ಅಕ್ಕ-ತಂಗಿಯರ ಹೊಂಡಕ್ಕೆ ಇಳಿಯುತ್ತದೆ. ಅದು ಜನ ಬಾಳಿದ ಕೋಟೆ.

ಆದರೂ ಒಂದು ವಿಷಯದಲ್ಲಿ ಇಲ್ಲಿನವರ ರೀತಿಯೇ ಮೇಲೆಂದು ನನಗೆ ಅನಿಸುತ್ತದೆ. ಖಾಲಿ ಅಂಗಳದ ಗೋಡೆಯಲ್ಲಿ ಉಳಿದ ಒಲೆಯ ಗೂಡನ್ನೂ ಅವರು ಬಿಡದೆ ತೋರಿಸುತ್ತಾರೆ. ನಮ್ಮಲ್ಲಿ ಬಂದವರನ್ನು ನೇರ ಓಬವ್ವನ ಕಿಂಡಿಗೆ ಕರೆದೊಯ್ದು, ಒಂದು ಫೋಟೋ ತೆಗೆಸಿ ಇಳಿಸಿಬಿಡುತ್ತೇವೆ. ಓಬವ್ವನ ಕಥೆಯಾದರೂ ಶುರುವಾಗುವುದು ಎಲ್ಲಿಂದ? ಗಂಡ ಊಟಕ್ಕೆ ಕುಳಿತಿದ್ದಾನೆ, ಅವಳು ನೀರಿಗೆ ಹೋಗಿದ್ದಾಳೆ. ಹೈದರನ ಸೈನಿಕರು ಕಣ್ಣಿಗೆ ಬಿದ್ದದ್ದು ಆಗ. ಕೈಗೆ ಸಿಕ್ಕಿದ್ದು ಭತ್ತ ಕುಟ್ಟುವ ಒನಕೆ.

ವಾಪಸು ಬರುವಾಗ ಕಾರಿನಲ್ಲಿ ಮಗಳಿಗೆ ಇದನ್ನೇ ಹೇಳಿದೆ. "ಅವಳ ಮನೆ ಕೋಟೆಯೊಳಗೇ ಇತ್ತಾ ಅಪ್ಪಾ?" ಎಂದಳು. ಈ ರಜೆಯಲ್ಲಿ ಊರಿಗೆ ಹೋದಾಗ ಅವಳನ್ನು ಮೊದಲು ಹೊಂಡದ ಬಳಿಗೆ ಕರೆದೊಯ್ಯುತ್ತೇನೆ. ಕಿಂಡಿ ಆಮೇಲೆ.