ಖಾಲಿ ಬಾಟ್ಲಿಗೆ 25 ಸೆಂಟು

ಜರ್ಮನಿಗೆ ಓದಲು ಹೊರಟವರಿಗೆ ಊರಿನಲ್ಲಿ ಎಲ್ಲರೂ ಒಂದಲ್ಲ ಒಂದು ಬುದ್ಧಿಮಾತು ಹೇಳುತ್ತಾರೆ. ಚಳಿ ಜಾಸ್ತಿ, ಸ್ವೆಟರ್ ತಗೊಂಡು ಹೋಗು. ಭಾಷೆ ಕಲಿ. ಪುಳಿಯೋಗರೆ ಗೊಜ್ಜನ್ನು ಎರಡು ಕವರಿನಲ್ಲಿ ಕಟ್ಟಿ ಸೂಟ್‌ಕೇಸಿನ ನಡುವೆ ಇಡು. ಖಾಲಿ ಬಾಟ್ಲಿಯ ಬಗ್ಗೆ ಮಾತ್ರ ಯಾರೂ ತುಟಿ ಬಿಚ್ಚುವುದಿಲ್ಲ. ಅಲ್ಲಿ ಹೋದ ಮೇಲೆ ಪ್ರೊಫೆಸರಿಗಿಂತ ಜಾಸ್ತಿ ಸಲ ಎದುರಾಗುವುದು ಅದೇ.

ನಾನು ಓದಿದ್ದು ಆಖೆನ್‌ನಲ್ಲಿ. ಜರ್ಮನಿಯ ಪಶ್ಚಿಮದ ತುದಿ, ಕೋಲೋನ್‌ನಿಂದ ರೈಲಿನಲ್ಲಿ ಹೆಚ್ಚುಕಡಿಮೆ ಒಂದು ಗಂಟೆ. ಚಾರ್ಲ್‌ಮೇನ್ ಚಕ್ರವರ್ತಿಯನ್ನು ಹೂತ ಊರು. ಅಲ್ಲಿನ ಚರ್ಚು 1978ರಲ್ಲೇ ಯುನೆಸ್ಕೋ ಪಟ್ಟಿ ಸೇರಿದೆ, ಪ್ರವಾಸಿಗರು ಕತ್ತೆತ್ತಿ ನೋಡುತ್ತಾ ನಿಂತಿರುತ್ತಾರೆ. ಇಂಜಿನಿಯರಿಂಗ್ ಓದಲು ಬಂದ ನಮಗೆ ಆ ಊರೆಂದರೆ ಮಳೆ, ಯೂನಿವರ್ಸಿಟಿ ಕ್ಯಾಂಟೀನ್ ಮೆನ್ಸಾದ ಊಟ, ಪರೀಕ್ಷೆ, ಮತ್ತು ಹಾಸ್ಟೆಲಿನ ಅಡುಗೆಮನೆಯ ಮೂಲೆಯಲ್ಲಿ ದಿನದಿನಕ್ಕೂ ಉಬ್ಬುವ ಬಾಟ್ಲಿ ಚೀಲ.

ವ್ಯವಸ್ಥೆ ಏನೂ ಕಷ್ಟದ್ದಲ್ಲ. ಅಂಗಡಿಯಲ್ಲಿ ನೀರೋ ಕೋಲಾವೋ ಕೊಂಡರೆ ಅದರ ಬೆಲೆಯ ಜೊತೆ ಬಾಟ್ಲಿಗೆಂದು 25 ಸೆಂಟು, ಅಂದರೆ ಕಾಲು ಯೂರೋ, ಕೊಡಬೇಕು. ಕುಡಿದು ಮುಗಿಸಿ ಬಾಟ್ಲಿ ವಾಪಸ್ ಕೊಟ್ಟರೆ ಆ 25 ಸೆಂಟೂ ವಾಪಸ್. ಇದಕ್ಕೆ ಅಲ್ಲಿ ಫಾಂಡ್ ಅನ್ನುತ್ತಾರೆ. ಒಮ್ಮೆ ಬಳಸಿ ಎಸೆಯುವ ಬಾಟ್ಲಿ, ಕ್ಯಾನುಗಳಿಗೆ ಇದು ಶುರುವಾದದ್ದು 2003ರ ಜನವರಿಯಲ್ಲಿ. ಮೊದಲು ಬಿಯರ್, ಮಿನರಲ್ ವಾಟರ್, ಗ್ಯಾಸ್ ತುಂಬಿದ ಪಾನೀಯ ಅಷ್ಟೇ ಇದ್ದವು. 2022ರಲ್ಲಿ ಹಣ್ಣಿನ ರಸದ ಪ್ಲಾಸ್ಟಿಕ್ ಬಾಟ್ಲಿ ಸೇರಿತು, 2024ರಲ್ಲಿ ಹಾಲಿನ ಪಾನೀಯದ್ದು. ತೊಳೆದು ಮತ್ತೆ ತುಂಬುವ ಬಾಟ್ಲಿಗಳ ಲೆಕ್ಕ ಬೇರೆ. ಬಿಯರಿನ ಗಾಜಿನ ಬಾಟ್ಲಿಗೆ 8 ಸೆಂಟು, ನೀರಿನ ಗಾಜಿನ ಬಾಟ್ಲಿಗೆ 15. ಇಪ್ಪತ್ತು ಬಿಯರ್ ಬಾಟ್ಲಿ ಹಿಡಿಯುವ ಕ್ರೇಟಿಗೇ ಪ್ರತ್ಯೇಕವಾಗಿ ಒಂದೂವರೆ ಯೂರೋ. ಬಾಟ್ಲಿಗಳ ಸಮೇತ ಕ್ರೇಟ್ ಕೊಟ್ಟರೆ 3 ಯೂರೋ 10 ಸೆಂಟು ಕೈಗೆ ಬರುತ್ತದೆ. ವೈನ್ ಬಾಟ್ಲಿಗೆ ಸಾಮಾನ್ಯವಾಗಿ ಬಿಡಿಗಾಸೂ ಇಲ್ಲ. ಪಾರ್ಟಿಗೆ ವೈನ್ ಹಿಡಿದುಕೊಂಡು ಬರುವ ಗೆಳೆಯನ ಮೇಲೆ ನಮಗೆ ಅಂಥಾ ಗೌರವವೇನೂ ಇರಲಿಲ್ಲ.

ಹೊಸದಾಗಿ ಬಂದವರ ತಲೆಯೊಳಗೆ ಒಂದು ಕ್ಯಾಲ್ಕುಲೇಟರ್ ಇರುತ್ತದೆ. ಏನು ಕಂಡರೂ ರೂಪಾಯಿಗೆ ಬದಲಾಯಿಸದೆ ಅದಕ್ಕೆ ಸಮಾಧಾನವಿಲ್ಲ. ಆಗಿನ ಲೆಕ್ಕಕ್ಕೆ ಯೂರೋಗೆ 90 ರೂಪಾಯಿ ಹಿಡಿಯಿರಿ. 25 ಸೆಂಟು ಅಂದರೆ ಇಪ್ಪತ್ತೆರಡೂವರೆ ರೂಪಾಯಿ. ನಮ್ಮ ಮೈಸೂರಿನಲ್ಲಿ ಒಂದು ಲೀಟರ್ ನೀರಿನ ಬಾಟ್ಲಿ, ಒಳಗಿನ ನೀರೂ ಸೇರಿ, ಆಗ 20 ರೂಪಾಯಿ. ಅಲ್ಲಿನ ಖಾಲಿ ಬಾಟ್ಲಿ ಇಲ್ಲಿನ ತುಂಬಿದ ಬಾಟ್ಲಿಗಿಂತ ದುಬಾರಿ ಅಂತಾಯಿತು! ಇದು ಹೊಳೆದ ಮೇಲೆ ಯಾರು ತಾನೇ ಕಸದ ಬುಟ್ಟಿಗೆ ಎಸೆಯುತ್ತಾರೆ?

ಫೋನಿನಲ್ಲಿ ಅಪ್ಪನಿಗೆ ಇದನ್ನೆಲ್ಲ ವಿವರಿಸಿದೆ. ಅವರು ಬ್ಯಾಂಕಿನಿಂದ ರಿಟೈರ್ ಆದವರು.

"ಅಂದ್ರೆ ಡೆಪಾಸಿಟ್ಟು ಅನ್ನು."

"ಹೂಂ, ಅದೇ."

"ಬಡ್ಡಿ ಎಷ್ಟು ಕೊಡ್ತಾರೆ?"

"ಬಾಟ್ಲಿಗೆ ಬಡ್ಡಿ ಎಲ್ಲಿಂದ ಬರುತ್ತಪ್ಪಾ?"

"ಮತ್ತೆ? ದುಡ್ಡು ನಿಮ್ಮದು, ಇಟ್ಕೊಂಡಿರೋರು ಅವರು. ವಾಪಸ್ ಕೊಡದೇ ಇರೋರ ದುಡ್ಡು ಯಾರ ಪಾಲಿಗೆ ಹೋಗುತ್ತೆ, ವಿಚಾರಿಸು."

ವಿಚಾರಿಸಿದೆ. ಒಮ್ಮೆ ಬಳಸಿ ಎಸೆಯುವ ಬಾಟ್ಲಿ, ಕ್ಯಾನುಗಳಲ್ಲಿ ನೂರಕ್ಕೆ 98ರಷ್ಟು ವಾಪಸ್ ಬರುತ್ತವಂತೆ. ಉಳಿದವುಗಳ ದುಡ್ಡು ಪಾನೀಯ ತುಂಬಿದ ಕಂಪನಿಗಳ ಹತ್ತಿರವೇ ಉಳಿಯುತ್ತದೆ. ನೂರಕ್ಕೆ ಎರಡು ತಾನೇ ಅನ್ನಬೇಡಿ, ಇಡೀ ದೇಶದ ಲೆಕ್ಕ ಅದು. ಅಪ್ಪನಿಗೆ ಹೇಳಿದಾಗ, ಹಳೇ ಸಾಲಗಾರನೊಬ್ಬ ಸಿಕ್ಕಿಬಿದ್ದಷ್ಟು ಖುಷಿಪಟ್ಟರು.

ಆಮೇಲೆ ನನಗೆ ಎಲ್ಲಿ ನೋಡಿದರೂ ಡೆಪಾಸಿಟ್ಟೇ ಕಾಣತೊಡಗಿತು. ವೀಸಾ ಸಿಗಬೇಕಾದರೆ ಮೊದಲು ಬ್ಲಾಕ್ಡ್ ಅಕೌಂಟಿನಲ್ಲಿ ವರ್ಷದ ಖರ್ಚು ಇಡಬೇಕು. 2024ರ ಸೆಪ್ಟೆಂಬರಿನಿಂದ ಅದು 11,904 ಯೂರೋ. ಅಲ್ಲಿಗೆ ಹೋದ ಮೇಲೆ ತಿಂಗಳಿಗೆ 992ರಂತೆ ನಮಗೇ ವಾಪಸ್ ಕೊಡುತ್ತಾರೆ. ಅಪ್ಪನದೋ ಎಜುಕೇಶನ್ ಲೋನಿನದೋ ದುಡ್ಡು, ಆದರೂ ತಿಂಗಳ ಮೊದಲಲ್ಲಿ ಖಾತೆಗೆ ಬಿದ್ದಾಗ ಸಂಬಳ ಬಂದಂಥ ಠೀವಿ. ಬಾಡಿಗೆ ರೂಮಿಗೂ ಡೆಪಾಸಿಟ್ಟು. ಮೂರು ತಿಂಗಳ ಬಾಡಿಗೆಗಿಂತ ಜಾಸ್ತಿ ಕೇಳುವಂತಿಲ್ಲ ಎಂದು ಅಲ್ಲಿ ಕಾನೂನೇ ಇದೆ. ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು, ಮನೆ ಬಿಡುವಾಗ ಪೇಂಟಿಂಗ್ ಹೆಸರಿನಲ್ಲಿ ಒಂದಷ್ಟು ಕಳೆದುಕೊಂಡು ಬಂದಿದ್ದ ನನ್ನ ಸೀನಿಯರ್ ಒಬ್ಬರು ಇದನ್ನು ಕೇಳಿ ಕೈ ಮುಗಿದರು. ಸೂಪರ್ ಮಾರ್ಕೆಟ್ಟಿನ ತಳ್ಳುಗಾಡಿಗೆ ಒಂದು ಯೂರೋ ನಾಣ್ಯ ತುರುಕದಿದ್ದರೆ ಸರಪಳಿ ಬಿಟ್ಟು ಬರುವುದೇ ಇಲ್ಲ. ಕ್ರಿಸ್‌ಮಸ್ ಸಂತೆಯಲ್ಲಿ ಬಿಸಿ ವೈನ್ ಕೊಡುವ ಮಗ್ಗಿಗೂ ಡೆಪಾಸಿಟ್ಟು. ಒಳ್ಳೆಯವನಾಗು ಅಂತ ಯಾರೂ ಉಪದೇಶ ಮಾಡುವುದಿಲ್ಲ, ಸುಮ್ನೆ ನಿನ್ನ ಒಂದು ನಾಣ್ಯ ಹಿಡಿದಿಟ್ಟುಕೊಳ್ಳುತ್ತಾರೆ. ನನಗಂತೂ ಈ ರೀತಿ ಇಷ್ಟವಾಯಿತು. ಉಪದೇಶ ಕೇಳಿ ಕೇಳಿ ಬೆಳೆದವನು ನಾನು.

ಬಾಟ್ಲಿ ವಾಪಸ್ ಕೊಡುವುದು ಮನುಷ್ಯರಿಗಲ್ಲ, ಗೋಡೆಯಲ್ಲಿರುವ ಒಂದು ತೂತಿಗೆ. ಸೂಪರ್ ಮಾರ್ಕೆಟ್ಟಿನ ಒಂದು ಮೂಲೆಯಲ್ಲಿ ಆ ಯಂತ್ರ ಇರುತ್ತದೆ. ಸುತ್ತ ನೆಲವೆಲ್ಲ ಅಂಟಂಟು, ಹುಳಿ ಬಿಯರಿನ ವಾಸನೆ. ಬಾಟ್ಲಿಯನ್ನು ಅಡ್ಡ ಮಲಗಿಸಿ ಒಳಗೆ ತಳ್ಳಬೇಕು. ಪಟ್ಟಿಯ ಮೇಲೆ ಅದು ಗಿರಗಿರ ತಿರುಗುತ್ತದೆ. ಯಂತ್ರ ಅದರ ಬಾರ್‌ಕೋಡನ್ನು ಹುಡುಕುತ್ತಿರುತ್ತದೆ. ಸಿಕ್ಕಿದರೆ ಬಾಟ್ಲಿ ಒಳಗೆ ಹೋಗುತ್ತದೆ, ಹಿಂದೆಯೇ ಕರಕರ ಎಂದು ನುಜ್ಜುಗುಜ್ಜಾಗುವ ಸದ್ದು, ಪರದೆಯ ಮೇಲೆ 0,25. ಸಿಗದಿದ್ದರೆ ಬಾಟ್ಲಿ ಹಾಗೆಯೇ ನಮ್ಮ ಕೈಗೆ ವಾಪಸ್. ಲೇಬಲ್ ಕಿತ್ತು ಬಂದಿದ್ದರೆ ಇಲ್ಲ, ಕ್ಯಾನ್ ಜಜ್ಜಿಹೋಗಿದ್ದರೆ ಇಲ್ಲ. ಕೋಲಾ ಕುಡಿದು ಕ್ಯಾನನ್ನು ಒಂದೇ ಕೈಯಲ್ಲಿ ಹಿಸುಕಿ ಪೌರುಷ ತೋರಿಸುವ ಹುಡುಗರು ಅಲ್ಲಿ ಬೇಗ ಸರಿಹೋಗುತ್ತಾರೆ. ಕೊನೆಗೆ ಹಸಿರು ಗುಂಡಿ ಒತ್ತಿದರೆ ಚೀಟಿ ಬರುತ್ತದೆ. ಅದನ್ನು ಕೌಂಟರಿನಲ್ಲಿ ಕೊಟ್ಟರೆ ಬಿಲ್ಲಿನಲ್ಲಿ ಕಳೆಯುತ್ತಾರೆ, ಬೇಕಿದ್ದರೆ ನಗದೂ ಕೊಡುತ್ತಾರೆ.

ಶನಿವಾರ ಸಂಜೆ ಮಾತ್ರ ಆ ಕಡೆ ಹೋಗಬಾರದು. ಭಾನುವಾರ ಅಂಗಡಿಗಳೆಲ್ಲ ಬಂದ್, ಹಾಗಾಗಿ ಊರಿಗೆ ಊರೇ ಶನಿವಾರ ಸಾಲು ನಿಂತಿರುತ್ತದೆ. ನೀಲಿ ಪ್ಲಾಸ್ಟಿಕ್ ಚೀಲದಲ್ಲಿ ವಾರದ ಪಾರ್ಟಿಯನ್ನು ಹೊತ್ತು ತಂದ ಹುಡುಗರು, ಒಂದೇ ಒಂದು ನೀರಿನ ಬಾಟ್ಲಿ ಹಿಡಿದು ನೆಟ್ಟಗೆ ನಿಂತ ಅಜ್ಜಿ. ಅಜ್ಜಿಗೆ ದಾರಿ ಬಿಡಬೇಕು ಅಂತ ನಮ್ಮ ಸಂಸ್ಕಾರ. "ಬೇಡ, ನೀವು ಮೊದಲು ಬಂದದ್ದು" ಅಂತ ಅವರ ಶಿಸ್ತು. ಈ ಜಗ್ಗಾಟ ನಡೆಯುವಾಗ ಹಿಂದಿನವನು ನಿಟ್ಟುಸಿರು ಬಿಡುತ್ತಾನೆ.

ಹಾಸ್ಟೆಲಿನಲ್ಲಿ ಅಡುಗೆಮನೆ ಎಲ್ಲರಿಗೂ ಒಂದೇ. ಇರಾನಿನವನೊಬ್ಬ, ಚೀನಾದ ಹುಡುಗಿಯೊಬ್ಬಳು, ಇಬ್ಬರು ಜರ್ಮನ್ನರು, ನಾನು. ಜಗಳ ಬಂದದ್ದು ನನ್ನ ಸಾರಿನ ಒಗ್ಗರಣೆಗಲ್ಲ, ಬಾಟ್ಲಿ ಚೀಲಕ್ಕೆ. ಯಾರ ಬಾಟ್ಲಿ ಯಾವುದು ಅಂತ ಹೇಗೆ ಗೊತ್ತಾಗಬೇಕು? ಕಡೆಗೆ ಜರ್ಮನ್ನರಲ್ಲಿ ಒಬ್ಬ ಫ್ರಿಜ್ಜಿನ ಬಾಗಿಲಿಗೆ ಒಂದು ಕಾಗದ ಅಂಟಿಸಿದ. ಬಾಟ್ಲಿ ದುಡ್ಡು ಪಾತ್ರೆ ತೊಳೆಯುವ ಸೋಪಿಗೆ, ಸ್ಪಂಜಿಗೆ. ಸರದಿಯ ಪ್ರಕಾರ ಒಬ್ಬೊಬ್ಬರು ಹೊರಬೇಕು. ಅಷ್ಟೇ, ತಕರಾರು ಮುಗಿಯಿತು. ಹೆಚ್ಚಾಗಿ ನಲ್ಲಿ ನೀರನ್ನೇ ಕುಡಿಯುವ ನನಗೆ ಇದರಲ್ಲಿ ಪುಕ್ಕಟೆ ಸೋಪು ಸಿಕ್ಕಿತು ಅನ್ನುವುದನ್ನು ಯಾರೂ ಗಮನಿಸಲಿಲ್ಲ, ನಾನೂ ಎತ್ತಲಿಲ್ಲ.

ಅಮ್ಮನ ಕಣ್ಣಿಗೆ ಮಾತ್ರ ಈ ಇಡೀ ವ್ಯವಹಾರವೇ ದಂಡ. ವಿಡಿಯೋ ಕಾಲಿನಲ್ಲಿ ನನ್ನ ಹಿಂದೆ ಚೀಲ ಕಂಡರೆ ಸಾಕು, "ಆ ಅಗಲ ಬಾಯಿದು ಚೆನ್ನಾಗಿದೆ ಕಣೋ, ಅದನ್ನ ಕೊಡಬೇಡ, ಬೇಳೆ ಹಾಕಿಡೋಕೆ ಆಗುತ್ತೆ" ಅನ್ನುತ್ತಿದ್ದರು. ನಮ್ಮ ಮನೆಗಳಲ್ಲಿ ಬಾಟ್ಲಿಗೆ ನಿವೃತ್ತಿ ಎಲ್ಲಿದೆ? ಹಾರ್ಲಿಕ್ಸ್ ಮುಗಿದರೆ ಅದರಲ್ಲಿ ಹುರಿಗಡಲೆ, ಕಾಫಿಪುಡಿ ಮುಗಿದರೆ ಸಾಸಿವೆ, ಮದುವೆ ಮನೆಯಿಂದ ತಂದ ನೀರಿನ ಬಾಟ್ಲಿ ಫ್ರಿಜ್ಜಿನಲ್ಲಿ ವರ್ಷಗಟ್ಟಲೆ. ಅದೂ ಆಗದಿದ್ದರೆ ಗುಜರಿಯವನು ಇದ್ದೇ ಇದ್ದಾನೆ, ತೂಕದ ಲೆಕ್ಕದಲ್ಲಿ. ಡೆಪಾಸಿಟ್ಟಿನ ಹಂಗಿಲ್ಲದೆ ಮರುಬಳಕೆ ಮಾಡಿದವರು ನಾವು ಅಂತ ಜರ್ಮನ್ ಗೆಳೆಯನ ಎದುರು ಒಂದು ದಿನ ಜಂಬ ಕೊಚ್ಚಿದೆ. ಅವನು ಒಪ್ಪಿದ. ಹಾಗಾದರೆ ನಿಮ್ಮ ಊರಿನ ಚರಂಡಿಗಳಲ್ಲಿ ಯಾವ ಬಾಟ್ಲಿ ಇರುತ್ತದೆ ಅಂತ ಕೇಳಲಿಲ್ಲ, ಪುಣ್ಯಕ್ಕೆ.

ಆಖೆನ್‌ನಲ್ಲಿ ಇನ್ನೊಂದು ಮಜಾ ಇದೆ. ಊರಿನ ಪಕ್ಕದ ಗುಡ್ಡದ ಮೇಲೆ ಜರ್ಮನಿ, ನೆದರ್‌ಲ್ಯಾಂಡ್ಸ್, ಬೆಲ್ಜಿಯಂ ಮೂರೂ ಕೂಡುವ ಜಾಗ. ಎತ್ತರ 322 ಮೀಟರ್ ಅಷ್ಟೇ. ಚಾಮುಂಡಿ ಬೆಟ್ಟ ಹತ್ತಿದವರಿಗೆ ಅದೊಂದು ಬೆಟ್ಟವೇ ಅಲ್ಲ, ಆದರೆ ನೆದರ್‌ಲ್ಯಾಂಡ್ಸ್‌ನ ಯುರೋಪಿನ ಭಾಗಕ್ಕೆ ಅದೇ ಅತಿ ಎತ್ತರದ ಜಾಗ. ಕೆಳಗಿಳಿದರೆ ವಾಲ್ಸ್ ಎಂಬ ಡಚ್ ಊರು, ಅಲ್ಲಿ ಭಾನುವಾರವೂ ಅಂಗಡಿ ತೆರೆದಿರುತ್ತದೆ. ಹಾಲು ಮರೆತ ವಿದ್ಯಾರ್ಥಿಗಳು ಸಿಟಿ ಬಸ್ಸಿನಲ್ಲಿ ಪರದೇಶಕ್ಕೆ ಹೋಗಿ ಹಾಲು ತರುತ್ತಾರೆ. ಸಾಮಾನ್ಯವಾಗಿ ಯಾರೂ ಪಾಸ್‌ಪೋರ್ಟ್ ಕೇಳುವುದಿಲ್ಲ, ದುಡ್ಡು ಬದಲಾಯಿಸುವುದಿಲ್ಲ, ಗಡಿ ದಾಟಿದ್ದೂ ಗೊತ್ತಾಗುವುದಿಲ್ಲ. ಬಾಟ್ಲಿಗೆ ಮಾತ್ರ ಗೊತ್ತಾಗುತ್ತದೆ! ಅದೇ ಕೋಲಾ, ಅದೇ ಕೆಂಪು ಕ್ಯಾನು. ಜರ್ಮನಿಯಲ್ಲಿ ಕೊಂಡರೆ 25 ಸೆಂಟು. ವಾಲ್ಸ್‌ನಲ್ಲಿ 15, ಅದೂ ಕ್ಯಾನುಗಳಿಗೆ ಬಂದದ್ದು 2023ರ ಏಪ್ರಿಲಿನಲ್ಲಿ. ಬೆಲ್ಜಿಯಂನಲ್ಲಿ ಕ್ಯಾನಿಗೆ ಡೆಪಾಸಿಟ್ಟೇ ಇಲ್ಲ, ಹಾಗಾಗಿ ವಾಪಸ್ ಬರುವ ದುಡ್ಡೂ ಇಲ್ಲ. ಡಚ್ ಕ್ಯಾನನ್ನು ಆಖೆನ್‌ನ ಯಂತ್ರಕ್ಕೆ ಎಷ್ಟು ಸಲ ಮಲಗಿಸಿದರೂ ಗಿರಗಿರ ತಿರುಗಿಸಿ ನೋಡಿ ಹೊರಗೆ ನೂಕುತ್ತದೆ. ವೀಸಾ ಆಫೀಸಿನಲ್ಲಿ ಫೈಲು ಹಿಡಿದು ಕಾದ ಅನುಭವ ಇರುವವರಿಗೆ ಆ ಕ್ಯಾನಿನ ಮೇಲೆ ಕನಿಕರ ಹುಟ್ಟದೆ ಇರದು.

ಬೇಸಿಗೆಯಲ್ಲಿ ರಾತ್ರಿ ಹತ್ತರವರೆಗೂ ಬೆಳಕು. ವೆಸ್ಟ್‌ಪಾರ್ಕಿನ ಹುಲ್ಲಿನ ಮೇಲೆ ವಿದ್ಯಾರ್ಥಿಗಳ ಗುಂಪುಗಳು, ಅವರ ನಡುವೆ ಸೈಕಲ್ಲಿಗೆ ಎರಡು ದೊಡ್ಡ ಚೀಲ ನೇತುಹಾಕಿಕೊಂಡ ಒಬ್ಬ ಮುದುಕರು. ಬಟ್ಟೆ ಶುಭ್ರ, ಇಸ್ತ್ರಿ ಮಾಡಿದ ಅಂಗಿ. ಕುಡಿದು ಮುಗಿದಿದೆಯಾ ಎಂದು ಕಣ್ಣಲ್ಲೇ ಕೇಳುತ್ತಾರೆ. ಬಾಟ್ಲಿ ಕೊಟ್ಟರೆ ಥ್ಯಾಂಕ್ಸ್ ಹೇಳಿ ಮುಂದೆ ಹೋಗುತ್ತಾರೆ. ಇಂಥವರು ಜರ್ಮನಿಯ ಎಲ್ಲ ಊರುಗಳಲ್ಲೂ ಇದ್ದಾರೆ. ಪಿಂಚಣಿ ಸಾಲದವರು, ಕೆಲಸ ಕಳೆದುಕೊಂಡವರು, ಸುಮ್ಮನೆ ಮನೆಯಲ್ಲಿ ಕೂರಲಾರದವರು. ಬಾರುಗಳ ಬೀದಿ ಪಾಂಟ್‌ಸ್ಟ್ರಾಸೆಯಲ್ಲಿ ಶುಕ್ರವಾರ ರಾತ್ರಿ ಟಾರ್ಚು ಹಿಡಿದು ಕಸದ ಡಬ್ಬಿಗಳಲ್ಲಿ ಇಣುಕುತ್ತಾರೆ. ಅವರು ಡಬ್ಬಿಗೆ ಕೈ ಹಾಕುವಂತಾಗಬಾರದು ಅಂತ 2011ರಿಂದ ಒಂದು ಪ್ರಚಾರ ನಡೆದಿದೆ. ಖಾಲಿ ಬಾಟ್ಲಿಯನ್ನು ಡಬ್ಬಿಯೊಳಗೆ ಹಾಕಬೇಡಿ, ಪಕ್ಕದಲ್ಲಿ ಇಡಿ ಅಂತ. ನಾವೂ ಇಡುತ್ತಿದ್ದೆವು.

ಶ್ರೀಮಂತ ದೇಶ ಅಂದುಕೊಂಡು ಹೋದವನಿಗೆ ಇದು ಬೇಗ ಅರಗುವುದಿಲ್ಲ. ನನ್ನನ್ನು ಕಾಡಿದ್ದು ಮರುಕವಲ್ಲ, ಇನ್ನೊಂದು ಸಣ್ಣ ವಿಷಯ. ತಿಂಗಳ ಕೊನೆಯಲ್ಲಿ 992 ಯೂರೋ ಕರಗಿ, ರೂಮಿನಲ್ಲಿದ್ದ ನನ್ನದೇ ಚೀಲ ಎತ್ತಿಕೊಂಡು ಹೋಗಿ ಬಂದ ಚೀಟಿಯಲ್ಲಿ ಅಕ್ಕಿ ಮೊಸರು ಕೊಂಡಾಗ, ಯಂತ್ರದ ಎದುರಿನ ಸಾಲಿನಲ್ಲಿ ಅದೇ ಮುದುಕರ ಹಿಂದೆ ನಿಂತಿರುತ್ತಿದ್ದೆ. ಇಬ್ಬರ ಕೈಯಲ್ಲೂ ಅದೇ ಬಗೆಯ ಚೀಟಿ. ನನ್ನದು ವಿದ್ಯಾರ್ಥಿ ಜೀವನದ ತಮಾಷೆ ಅಂತ ಊರಿಗೆ ಹೋಗಿ ಹೇಳಿಕೊಳ್ಳಬಹುದು. ಅವರು ಯಾರಿಗೆ ಏನಂತ ಹೇಳುತ್ತಾರೋ. ಒಂದು ಸಲ ಅವರು ತಿರುಗಿ, ಈ ಯಂತ್ರ ಇವತ್ತು ಕ್ಯಾನುಗಳನ್ನು ಸರಿಯಾಗಿ ಓದುತ್ತಿಲ್ಲ, ಎರಡು ಬೀದಿ ಆಚೆಯ ಅಂಗಡಿಗೆ ಹೋಗು ಅಂದರು. ಜರ್ಮನ್ ಕ್ಲಾಸಿನಲ್ಲಿ ಕಲಿತದ್ದು ಪೂರ್ತಿ ಅರ್ಥವಾಗಿ ಉಪಯೋಗಕ್ಕೆ ಬಂದ ಮೊದಲ ಮಾತು ಅದು.

ಓದು ಮುಗಿದು ಊರು ಬಿಡುವವರು ಸಾಮಾನುಗಳನ್ನೆಲ್ಲ ಮಾರುವುದು ನಮ್ಮ ಕನ್ನಡದವರ ವಾಟ್ಸಾಪ್ ಗುಂಪಿನ ದೊಡ್ಡ ಜಾತ್ರೆ. ಹಾಸಿಗೆ, ಸೈಕಲ್, ಇಡ್ಲಿ ಸ್ಟ್ಯಾಂಡು. ನಾನು ಹೊರಡುವಾಗ ಹಾಕಿದ ಪಟ್ಟಿಯ ಕೊನೆಗೆ "ಪ್ರೆಶರ್ ಕುಕ್ಕರ್ 15 ಯೂರೋ, ಜೊತೆಗೆ ಬಾಟ್ಲಿ ಚೀಲ ಫ್ರೀ" ಎಂದು ಬರೆದಿದ್ದೆ. ಆಗಷ್ಟೇ ದಾವಣಗೆರೆಯಿಂದ ಬಂದಿದ್ದ ಹುಡುಗನೊಬ್ಬ ಕೂಡಲೇ ಫೋನ್ ಮಾಡಿದ.

"ಅಣ್ಣಾ, ಚೀಲದಾಗ ಎಷ್ಟು ಬಾಟ್ಲಿ ಅದಾವು?"

"ಮೂವತ್ತರ ಮೇಲೆ ಇರಬಹುದು."

"ಪ್ಲಾಸ್ಟಿಕ್ಕಾ, ಬಿಯರ್ರಾ?"

ಬಂದು ಎರಡು ವಾರವಾಗಿರಲಿಲ್ಲ ಹುಡುಗ. ಕುಕ್ಕರಿನ ಗ್ಯಾಸ್ಕೆಟ್ ಹೇಗಿದೆ ಅಂತ ಕೇಳಲೇ ಇಲ್ಲ.