ಫ್ರಿಜ್ಜಿನಲ್ಲಿ ಎರೆಹುಳು

ಇವತ್ತು ಬೆಳಿಗ್ಗೆ ದೋಸೆ ಹಿಟ್ಟು ತೆಗೆಯೋಕೆ ಫ್ರಿಜ್ ಬಾಗಿಲು ತೆರೆದೆ. ಹಿಟ್ಟಿನ ಪಾತ್ರೆ ಪಕ್ಕದಲ್ಲಿ ಒಂದು ಐಸ್‌ಕ್ರೀಂ ಡಬ್ಬ. ಅದರಲ್ಲಿ ಐಸ್‌ಕ್ರೀಂ ಇರಲ್ಲ ಅಂತ ನನಗೂ ಗೊತ್ತು, ನಿಮಗೂ ಗೊತ್ತು. ಕಾಯಿತುರಿ ಇರಬೇಕು ಅಂತ ಮುಚ್ಚಳ ತೆಗೆದರೆ ಒದ್ದೆ ಮಣ್ಣು. ಮಣ್ಣಿನೊಳಗಿಂದ ಒಂದು ಎರೆಹುಳು ತಲೆ ಎತ್ತಿತು. ತಲೆಯೋ ಬಾಲವೋ, ಅದಕ್ಕೇ ಗೊತ್ತು.

"ಮುಂದಿನ ಭಾನುವಾರಕ್ಕೆ ಇಟ್ಟಿದೀನಿ ಕಣೇ, ತಣ್ಣಗಿರಬೇಕು ಅದು" ಅಂದರು ನಮ್ಮೆಜಮಾನರು, ಕಾಫಿ ಲೋಟದಿಂದ ಮುಖ ಎತ್ತದೆ.

ಮುಂದಿನ ಭಾನುವಾರವಂತೆ! ಹೋದ ಭಾನುವಾರದ್ದೇ ಇನ್ನೂ ಕಾರಿನಲ್ಲಿ ನಾರ್ತಾ ಇದೆ.

ಮೀನು ಹಿಡಿಯೋಕೆ ಕರ್ಕೊಂಡು ಹೋದ್ರೆ ಮಕ್ಕಳು ತಾಳ್ಮೆ ಕಲೀತಾರೆ ಅಂತ ಇವರು ಎಲ್ಲೋ ಓದಿದ್ದರು. ತಾಳ್ಮೆ ಕಲಿಸೋ ಈ ಗುರುಗಳ ಬಗ್ಗೆ ಸ್ವಲ್ಪ ಹೇಳಬೇಕು. ಕುಕ್ಕರಿನ ಆವಿ ಇಳಿಯೋ ತನಕ ಕಾಯಲಾಗದೆ ಚಮಚದಿಂದ ವೆಯ್ಟ್ ಎತ್ತುವವರು ಇವರು. ಸಿಗ್ನಲ್‌ನಲ್ಲಿ ಇನ್ನೂ 12 ಸೆಕೆಂಡ್ ಇರುವಾಗಲೇ ಹಾರ್ನ್ ಒತ್ತುವವರು.

ಜಾಗಕ್ಕೆ ದೊಡ್ಡ ಚರ್ಚೆ ಆಯ್ತು. ಕಾವೇರಿಗೆ ಬೇಡ ಅಂದೆ, ರಂಗನತಿಟ್ಟಿನ ಬಂಡೆ ಮೇಲೆ ಬಾಯಿ ತೆರೆದು ಮಲಗಿರೋ ಮೊಸಳೆಗಳನ್ನು ನೋಡಿದವಳು ನಾನು. ದೊಡ್ಡ ನಾಲೆ ಏರಿ ಮೇಲೆ ಮಕ್ಕಳನ್ನು ನಿಲ್ಲಿಸೋಕಂತೂ ನನ್ನ ಜೀವ ಒಪ್ಪಲ್ಲ. ಕೊನೆಗೆ ಪಾಂಡವಪುರದ ಕಡೆ ನಮ್ಮೂರಿನ ಚಿಕ್ಕ ನಾಲೆ ಅಂತ ತೀರ್ಮಾನ ಆಯ್ತು. ಬೆಳಿಗ್ಗೆ ಆರಕ್ಕೇ ಮೈಸೂರು ಬಿಟ್ಟೆವು. ಹೋಗಿ ನೋಡಿದರೆ ನಾಲೆಯಲ್ಲಿ ನೀರೇ ಇಲ್ಲ! ಕಟ್ಟು ಪದ್ಧತಿಯಲ್ವಾ, ಕೆಲವು ದಿನ ಬಿಡ್ತಾರೆ, ಕೆಲವು ದಿನ ನಿಲ್ಲಿಸ್ತಾರೆ. ದಿನಾ ಪೇಪರ್ ತೆರೆದ ಕೂಡಲೇ ಕನ್ನಂಬಾಡಿ ಕಟ್ಟೆ ಮಟ್ಟ ನೋಡಿ, 124.80 ಅಡಿಗೆ ಇನ್ನೆಷ್ಟು ಬಾಕಿ, ಒಳಹರಿವು ಎಷ್ಟು ಕ್ಯುಸೆಕ್ ಅಂತ ಮನೆಗೆಲ್ಲ ವರದಿ ಒಪ್ಪಿಸೋ ಮನುಷ್ಯ, ನಮ್ಮಣ್ಣನಿಗೆ ಒಂದು ಫೋನ್ ಮಾಡಿ ನಾಲೆಗೆ ನೀರು ಬಿಟ್ಟಿದಾರಾ ಅಂತ ಕೇಳಿರಲಿಲ್ಲ.

ತೂಬಿನ ಹತ್ತಿರ ಮೊಣಕಾಲುದ್ದ ನೀರು ನಿಂತಿತ್ತು. ಅದೇ ಸಾಕು ಅಂತ ಹೊಸಾ ರಾಡ್ ಹಿಡಿದು ಕೂತರು. ಮಕ್ಕಳು ಬಾಯಿ ತೆರೆದರೆ "ಶ್! ಸದ್ದಾದ್ರೆ ಮೀನು ಹೋಗಿಬಿಡುತ್ತೆ". ಹಾಗಂದವರೇ ಫೋನ್ ಬಂದಾಗ ಪಕ್ಕದ ಊರಿಗೂ ಕೇಳೋ ಹಾಗೆ ಮಾತಾಡಿದರು.

ಅದನ್ನಾದರೂ ಸಹಿಸಬಹುದಿತ್ತು. ಗಾಳ ನೀರಿಗೆ ಬಿಟ್ಟು ಅರ್ಧ ನಿಮಿಷ ಆಗಿರಲ್ಲ, ಹುಳು ಇದೆಯೋ ಇಲ್ಲವೋ ನೋಡೋಕೆ ಮೇಲೆತ್ತೋದು. ಇರುತ್ತೆ. ಮತ್ತೆ ಬಿಡೋದು. ಮತ್ತೆ ಎತ್ತೋದು. ಬೆಂಡು ಅಲುಗಿತು ಅಂತ ಒಂದು ಸಲ, ಅಲುಗಲೇ ಇಲ್ಲವಲ್ಲ ಅಂತ ಇನ್ನೊಂದು ಸಲ. ಮಗ ಲೆಕ್ಕ ಹಾಕೋಕೆ ಶುರು ಮಾಡಿದ. ಇಪ್ಪತ್ತು ದಾಟಿದ ಮೇಲೆ ಮಗಳು ಕೇಳಿದಳು, "ಅಪ್ಪಾ, ಹುಳಕ್ಕೆ ತಲೆ ಸುತ್ತಲ್ವಾ?"

37ನೇ ಸಲ ಸಿಟ್ಟಿನಿಂದಲೇ ಎತ್ತಿದರು ಅಂತ ಕಾಣುತ್ತೆ, ಗಾಳ ತಲೆ ಮೇಲಿಂದ ಹಾರಿ ಅವರ ಟೀ ಶರ್ಟಿನ ಬೆನ್ನಿಗೇ ಸಿಕ್ಕಿಕೊಂಡಿತು. ಕೈಗೆ ಎಟುಕಲಿಲ್ಲ. ಬಲಕ್ಕೆ ತಿರುಗಿದರು, ದಾರ ಕಾಲಿಗೆ ಸುತ್ತಿತು. ಎಡಕ್ಕೆ ತಿರುಗಿದರು, ಹೊಟ್ಟೆಗೂ ಸುತ್ತಿತು. ಬೆನ್ನ ಮೇಲೆ ಹುಳು ನೇತಾಡ್ತಾ ಇತ್ತು. "ಅಮ್ಮಾ, ಅಪ್ಪ ಸಿಕ್ಕಿದ್ರು!" ಅಂತ ಮಗ ಕುಣಿದ. ಇಡ್ಲಿ ಡಬ್ಬಿ ಬದಿಗಿಟ್ಟು ನಾನೇ ಹೋಗಿ ಬಿಡಿಸಬೇಕಾಯ್ತು. ಬಿಡಿಸೋ ಅಷ್ಟು ಹೊತ್ತೂ "ಬೇಗ, ಬೇಗ" ಅಂತಿದ್ದರು.

ಆಚೆ ಗುಂಡಿಯಲ್ಲಿ ಒಬ್ಬ ತಾತ ಬಲೆ ಹಾಕ್ತಾ ಇದ್ದರು. ಮಗಳು ಮೆಲ್ಲಗೆ ಅಲ್ಲಿಗೆ ಜಾರಿದಳು. ಒಂದು ಜಿಲೇಬಿ ಮೀನು ಮೇಲೆ ಬಂತು, ಅದರ ಬಾಯಿಂದ ಸಾಸಿವೆಗಿಂತ ಸ್ವಲ್ಪ ದೊಡ್ಡದಾದ ಮರಿಗಳು ಪುಳಪುಳನೆ ಉದುರಿದವು. "ಬಾಯಲ್ಲಿ ಮರಿ ಮಡಿಕ್ಕಂಡದೆ ಕಣವ್ವ, ಬುಟ್ಬುಡಾನ" ಅಂತ ತಾತ ಎಲ್ಲವನ್ನೂ ನೀರಿಗೆ ಬಿಟ್ಟರು.

"ಹಂಗಾದ್ರೆ ಅದು ಊಟ ಹೆಂಗೆ ಮಾಡುತ್ತೆ ತಾತ?"

"ಮರಿ ಬಾಯಲ್ಲಿರೋಗಂಟ ಉಣ್ಣಾಕಿಲ್ಲ."

ಇವರು ಅಷ್ಟರಲ್ಲಿ ಫೋನ್ ನೋಡಿ, ಈ ಮೀನು ಆಫ್ರಿಕಾದ್ದು, 1952ರಲ್ಲಿ ಭಾರತಕ್ಕೆ ಬಂತು ಅಂತ ಪಾಠ ಶುರು ಮಾಡಿದರು. ಮಗಳು ಕೇಳಿಸಿಕೊಳ್ಳಲಿಲ್ಲ. ನನ್ನ ಕೈಯಲ್ಲಿದ್ದ ತಣ್ಣಗಾದ ಇಡ್ಲಿ ನೋಡಿ, "ಅಮ್ಮಾ, ನೀನು ತಿಂದ್ಯಾ?" ಅಂದಳು.

ಇದೇ ಏರಿ ಮೇಲೆ ನಮ್ಮಪ್ಪನ ಪಕ್ಕ ನಾನು ಕೂರ್ತಿದ್ದೆ, ಹುಳು ತುಂಬಿದ ಸೋಪಿನ ಡಬ್ಬಿ ಹಿಡ್ಕೊಂಡು. ಅಪ್ಪ ಗಂಟೆಗಟ್ಟಲೆ ಒಂದು ಮಾತೂ ಆಡ್ತಿರಲಿಲ್ಲ, ಆಗಾಗ ನನ್ನ ತಲೆ ಮೇಲಿನ ಟವಲ್ ಸರಿ ಮಾಡ್ತಿದ್ದರು, ಅಷ್ಟೆ. ಈಗ ಆ ಹುಣಸೆ ಮರವೂ ಇಲ್ಲ.

ವಾಪಸ್ ಬರ್ತಾ ದಾರೀಲಿ ಎರಡು ಕೆಜಿ ಕಾಟ್ಲಾ ಕೊಂಡೆವು. ತೂಗೋದು ತಡವಾಯ್ತು ಅಂತ ಇವರು ಅಂಗಡಿಯವನ ಮೇಲೂ ರೇಗಿದರು. ಮೀನ್ ಸಾರಿಗೆ ಮುದ್ದೆ ಮುರೀತಾ ಮಗ "37 ಸಲ!" ಅಂತ ಅಜ್ಜಿಗೆ ವರದಿ ಕೊಟ್ಟ.

ಈಗ ಇದನ್ನು ಬರೀತಿರುವಾಗ ಅಡುಗೆಮನೆಯಿಂದ ಕೂಗು ಕೇಳಿಸ್ತಿದೆ. "ನನ್ನ ಡಬ್ಬ ಎಲ್ಲೇ?" ಫ್ರಿಜ್ ಬಾಗಿಲು ಮೂರು ಸಲ ತೆಗೆದು ಹಾಕಿದ ಸದ್ದೂ ಆಯ್ತು. ಮಗಳು ಬಾಲ್ಕನಿಯ ಗುಲಾಬಿ ಕುಂಡದ ಮುಂದೆ ಕೂತಿದಾಳೆ, ಪಕ್ಕದಲ್ಲಿ ಖಾಲಿ ಐಸ್‌ಕ್ರೀಂ ಡಬ್ಬ. ನಾನು ನೋಡಿದ್ದು ಗೊತ್ತಾಗಿ, ಮಣ್ಣು ಮೆತ್ತಿದ ಬೆರಳನ್ನು ತುಟಿ ಮೇಲಿಟ್ಟು "ಶ್!" ಅಂದಳು.